ಮುಚ್ಚಳದ ಕಿಂಡಿ

ಒಂದು ಕೆ.ಜಿ.ಗಿಂತ ಹೆಚ್ಚು ತೂಗುವ ಮನುಷ್ಯರನ್ನು ಕಂಡರೆ ಡಾರ್ಕ್‌ರೂಮ್ ಅಕ್ಕನಿಗೆ ಆಗುತ್ತಿರಲಿಲ್ಲ. ಅದಕ್ಕಿಂತ ಕಡಿಮೆ ತೂಗುವವರು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇರುತ್ತಿದ್ದರು. ಎರಡು ಮೂರು ತಿಂಗಳು ಮುಂಚೆ ಹುಟ್ಟಿಬಿಟ್ಟ ತಪ್ಪಿಗೆ ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆಗಳೊಳಗೆ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿರುತ್ತಿದ್ದರು. ಅವರ ಮೇಲೆ ಅವಳಿಗೆ ಎಲ್ಲಿಲ್ಲದ ಮರ್ಯಾದೆ. ಅವರು ಸುಳ್ಳು ಹೇಳುವುದಿಲ್ಲ, ಸಲಹೆ ಕೊಡುವುದಿಲ್ಲ, ಮೀಟಿಂಗ್ ಕರೆಯುವುದಿಲ್ಲ. ಉಸಿರಾಡುತ್ತಾರೆ, ಅದನ್ನೂ ಕಷ್ಟಪಟ್ಟು. ಮಿಕ್ಕವರೆಲ್ಲ, ಸೂಪರಿಂಟೆಂಡೆಂಟರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ, ಅವಳ ಪಾಲಿಗೆ ದಂಡಪಿಂಡಗಳು.

ಎಕ್ಸ್‌ರೇ ವಿಭಾಗಕ್ಕೆ ಸೇರಿ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಸೇರಿದಾಗ ಫಿಲ್ಮನ್ನು ಕತ್ತಲೆಕೋಣೆಯ ತೊಟ್ಟಿಯಲ್ಲಿ ಅದ್ದಿ, ತೊಳೆದು, ಬಟ್ಟೆ ಒಣಹಾಕುವ ಹಾಗೆ ಕ್ಲಿಪ್ಪಿಗೆ ತೂಗುಹಾಕಬೇಕಿತ್ತು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಆ ಕೋಣೆಯಲ್ಲಿ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಕೋಣೆ ಹೋದರೂ ಹೆಸರು ಮಾತ್ರ ಅವಳಿಗೆ ಅಂಟಿಕೊಂಡು ಉಳಿಯಿತು. ಎದುರಿಗೆ ಬರೀ ಅಕ್ಕ, ಬೆನ್ನು ತಿರುಗಿಸಿದರೆ ಡಾರ್ಕ್‌ರೂಮ್. ಅವಳಿಗೂ ಅದು ಗೊತ್ತಿತ್ತು. ಅಡ್ಡಹೆಸರು ಇಡುವುದರಲ್ಲಿ ತಾನೇ ಎತ್ತಿದ ಕೈ ಆಗಿದ್ದರಿಂದ ದೂರುವಂತಿರಲಿಲ್ಲ.

ಮನುಷ್ಯರ ವಿಷಯದಲ್ಲಿ ಎಷ್ಟು ಒರಟೋ ಕೆಲಸದಲ್ಲಿ ಅಷ್ಟೇ ನಾಜೂಕು. ಗಾಲಿಯ ಎಕ್ಸ್‌ರೇ ಯಂತ್ರವನ್ನು ಲಿಫ್ಟಿನಲ್ಲಿ ಮೇಲಕ್ಕೆ ತರುವ ಮುಂಚೆ ಚಿತ್ರ ಮೂಡುವ ಪ್ಲೇಟನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ತಣ್ಣಗಿನ ಪ್ಲೇಟು ಬೆನ್ನ ಕೆಳಗೆ ಬಂದರೆ ಮಗು ಬೆಚ್ಚಿ ಉಸಿರು ಕಟ್ಟುತ್ತದೆ. ಆಮೇಲೆ ಅದರ ಹೊಟ್ಟೆಯ ಏರಿಳಿತವನ್ನೇ ನೋಡುತ್ತ ನಿಂತು, ಎದೆ ಪೂರ್ತಿ ತುಂಬಿದ ಗಳಿಗೆಗೆ ಸರಿಯಾಗಿ ಗುಂಡಿ ಒತ್ತುವಳು. ಅರೆ ಉಸಿರಿನಲ್ಲಿ ಒತ್ತಿದರೆ ಒಳ್ಳೆಯ ಶ್ವಾಸಕೋಶವೂ ಕಾಯಿಲೆಯದರ ಹಾಗೆ ಮಸುಕಾಗಿ ಬರುತ್ತದೆ. ದಿನ ತುಂಬದ ಮಕ್ಕಳ ಶ್ವಾಸಕೋಶಕ್ಕೆ ಇನ್ನೂ ಹಿಗ್ಗಿ ನಿಲ್ಲುವುದು ಗೊತ್ತಿರುವುದಿಲ್ಲ, ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಒಳಗೊಳಗೇ ಅಂಟಿಕೊಳ್ಳುತ್ತದೆ. ಚಿತ್ರದಲ್ಲಿ ಅದು ಹಬೆ ಹಿಡಿದ ಕಿಟಕಿಯಂತೆ ಬೆಳ್ಳಗೆ ಕಾಣುತ್ತದೆ. ನಳಿಗೆಯಿಂದ ಔಷಧಿಯನ್ನು ಒಳಗಿಳಿಸಿದ ಮೇಲೆ ದಿನದಿಂದ ದಿನಕ್ಕೆ ಕಪ್ಪು ಬರಬೇಕು. ಕಪ್ಪು ಎಂದರೆ ಗಾಳಿ. ಗಾಳಿ ಹೋಗುತ್ತಿದೆ ಎಂದರೆ ಮಗು ಉಳಿಯುತ್ತದೆ.

ಇಷ್ಟೆಲ್ಲದರ ಜೊತೆಗೆ ಒಂದು ಕಿಂಡಿಯ ಕಾಟವಿತ್ತು. ಪೆಟ್ಟಿಗೆಯ ಮುಚ್ಚಳದ ನಡುವೆ, ನಳಿಗೆಗಳನ್ನು ತೂರಿಸಲೆಂದು, ಒಂದು ಗುಂಡನೆ ಕಿಂಡಿ. ಮುಚ್ಚಳ ತೆಗೆದರೆ ಒಳಗಿನ ಬಿಸಿ ಹೋಗಿ ಮಗು ತಣ್ಣಗಾಗುತ್ತದೆ, ಹಾಗಾಗಿ ಮುಚ್ಚಳದ ಮೂಲಕವೇ ಚಿತ್ರ ತೆಗೆಯಬೇಕು. ಆದರೆ ಕಿಂಡಿಯಿರುವ ಕಡೆ ಪ್ಲಾಸ್ಟಿಕ್ ಇಲ್ಲವಲ್ಲ, ಆ ಗುಂಡು ಜಾಗ ಚಿತ್ರದಲ್ಲಿ ಕಪ್ಪಗೆ ಬೀಳುತ್ತದೆ. ಅದಕ್ಕೆ ಮಗುವನ್ನು ಹಾಸಿಗೆ ಸಮೇತ ನಾಲ್ಕು ಬೆರಳು ಆಚೆ ಸರಿಸಿ, ಕಿಂಡಿಯನ್ನು ಎದೆಯ ನೇರದಿಂದ ತಪ್ಪಿಸಿ, ಆಮೇಲೆ ಗುಂಡಿ ಒತ್ತಬೇಕು. ವಾರ್ಡಿಗೆ ಹೊಸದಾಗಿ ಬಂದ ಪ್ರತಿಯೊಬ್ಬ ಸಿಸ್ಟರಿಗೂ ಡಾರ್ಕ್‌ರೂಮ್ ಅಕ್ಕ ಈ ಪಾಠವನ್ನು ಅರ್ಧ ಗಂಟೆ ಮಾಡುತ್ತಿದ್ದಳು, ಮಧ್ಯೆ ಮಧ್ಯೆ ಅವರ ಕಾಲೇಜನ್ನೂ ಬೈಯುತ್ತ.

ಆ ಮಹಡಿಯ ದೊಡ್ಡ ಡಾಕ್ಟರಿಗೆ ಅವಳು ಇಟ್ಟ ಹೆಸರು ರಿಬ್ಬನ್. ಯಾವ ಸಾಮಾನು ಬಂದರೂ ಅದಕ್ಕೊಂದು ರಿಬ್ಬನ್ ಕಟ್ಟಿಸಿ, ಯಾರಾದರೊಬ್ಬ ದೊಡ್ಡ ಮನುಷ್ಯನನ್ನು ಕರೆಸಿ ಕತ್ತರಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ಆತನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಎಕ್ಸ್‌ರೇ ಇಲ್ಲದೆ ಶಬ್ದದ ಅಲೆಯಿಂದಲೇ ಎಳೆಮಕ್ಕಳ ಶ್ವಾಸಕೋಶ ನೋಡುವ ಸ್ಕ್ಯಾನ್ ಯಂತ್ರ ಬಂದು ಎಂಟು ತಿಂಗಳಾಗಿತ್ತು. ಅದಕ್ಕೂ ರಿಬ್ಬನ್ ಆಯಿತು, ಫೋಟೋ ಆಯಿತು, ಭಾಷಣವಾಯಿತು. ಅದನ್ನು ಎದೆಗೆ ಹಿಡಿದು ನೋಡಲು ಯಾರಿಗೂ ಬರುತ್ತಿರಲಿಲ್ಲ. ಕಲಿಯಲು ಯಾರನ್ನೂ ಕಳಿಸಲೂ ಇಲ್ಲ. ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು, ಹಿಡಿಕೆಗೆ ಇನ್ನೂ ಅರ್ಧ ರಿಬ್ಬನ್ ನೇತಾಡುತ್ತಿತ್ತು.

ಇನ್ನು ಹೊಸ ಸಿಸ್ಟರ್. ಬಂದು ಆರು ತಿಂಗಳಾದ ಹುಡುಗಿ, ತೆಳ್ಳಗೆ, ಮೆಲುದನಿ, ಸಿಕ್ಕಿದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವ ಚಾಳಿ. ಡಾರ್ಕ್‌ರೂಮ್ ಅಕ್ಕನಿಗೆ ಆ ಪುಸ್ತಕ ಕಂಡರೇ ಮೈ ಉರಿಯುತ್ತಿತ್ತು.

ಅವತ್ತು ಬೆಳಗ್ಗೆ ಎಂಟಕ್ಕೆ ಅವಳು ಎಂಟನೇ ಪೆಟ್ಟಿಗೆಯ ಮಗುವಿನ ಚಿತ್ರ ತೆಗೆಯಲು ಬಂದಳು. ಹೆಣ್ಣುಮಗು, ಹನ್ನೆರಡು ವಾರ ಮುಂಚೆ ಹುಟ್ಟಿದ್ದು, ಒಂಬೈನೂರ ಎಂಬತ್ತು ಗ್ರಾಂ. ಹದಿನೈದು ದಿನ ಒದ್ದಾಡಿ ಈಗ ಮೂರು ದಿನದಿಂದ ಸುಧಾರಿಸುತ್ತಿತ್ತು. ಆಮ್ಲಜನಕ ಇಳಿಸಿದ್ದರು, ಪಕ್ಕೆಗಳು ಒಳಕ್ಕೆ ಸೆಳೆಯುವುದು ನಿಂತಿತ್ತು. ರಿಬ್ಬನ್ ಡಾಕ್ಟರು ಒಂಬತ್ತಕ್ಕೆ ಯಾರೋ ಅತಿಥಿಗಳಿಗೆ ವಾರ್ಡ್ ತೋರಿಸುವವರಿದ್ದರು, ಅಷ್ಟರೊಳಗೆ ಎಕ್ಸ್‌ರೇ ಯಂತ್ರವನ್ನು ಕಣ್ಣಿಗೆ ಬೀಳದ ಹಾಗೆ ತೆಗೆದುಬಿಡಿ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಮನುಷ್ಯರ ಜೀವ ನೋಡುವ ಯಂತ್ರ ಅತಿಥಿಗಳ ಕಣ್ಣಿಗೆ ಚುಚ್ಚುತ್ತದಂತೆ. ಅವಳು ಆಗಲೇ ಕುದಿಯುತ್ತಿದ್ದಳು. ಪ್ಲೇಟು ಇಟ್ಟು, ಕಿರಣ ತಡೆಯುವ ಲೆಡ್ ಏಪ್ರನ್ ಕಟ್ಟಿಕೊಂಡು ಗುಂಡಿಗೆ ಕೈ ಹಾಕಿದಾಗ ಹೊಸ ಸಿಸ್ಟರ್ ಬಾಯಿಬಿಟ್ಟಳು.

"ಅಕ್ಕಾ, ಕಿಂಡಿ ಮಗು ಎದೆ ಮೇಲೇ ಬರ್ತಿದೆ ಅನ್ಸುತ್ತೆ. ಸ್ವಲ್ಪ ಸರಿಸ್ಲಾ?"

ಡಾರ್ಕ್‌ರೂಮ್ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನಮ್ಮಾ, ಪುಸ್ತಕದಲ್ಲಿ ಬರ್ಕೊಂಡಿದೀಯಾ? ನೀನು ತೊಟ್ಟಿಲಲ್ಲಿ ಇದ್ದಾಗ್ಲೇ ಈ ಪೆಟ್ಟಿಗೆಗಳ ಮುಂದೆ ನಿಂತೋಳು ನಾನು. ಮೊನ್ನೆ ಬಂದು ಇವತ್ತು ನನಗೇ ಪಾಠ ಹೇಳೋಕೆ ಬಂದ್ಯಾ? ಹೋಗು, ಬಾಗಿಲಾಚೆ ನಿಂತ್ಕೋ."

ಹುಡುಗಿ ತುಟಿ ಕಚ್ಚಿಕೊಂಡು ಆಚೆ ಹೋದಳು. ಅಕ್ಕ ಮಗುವಿನ ಹೊಟ್ಟೆ ನೋಡಿದಳು, ಉಸಿರು ನೋಡಿದಳು, ಸರಿಯಾದ ಗಳಿಗೆಗೆ ಒತ್ತಿದಳು. ಮುಚ್ಚಳವನ್ನು ನೋಡಲಿಲ್ಲ. ಆ ಹುಡುಗಿ ನೋಡು ಎಂದಿದ್ದಳಲ್ಲ, ಅದಕ್ಕೇ ನೋಡಲಿಲ್ಲ. ಕೆಳಗೆ ಬಂದು ಪ್ಲೇಟನ್ನು ಓದುವ ಯಂತ್ರಕ್ಕೆ ತುರುಕುವಷ್ಟರಲ್ಲಿ ಅಪಘಾತದ ವಿಭಾಗದಿಂದ ಕರೆ ಬಂತು, ಯಾರದೋ ಕಾಲು ಮುರಿದಿತ್ತು. ಚಿತ್ರ ತಾನಾಗಿ ಮೇಲಿನ ಕಂಪ್ಯೂಟರಿಗೆ ಹೋಗುತ್ತದೆ. ದಿನವೂ ಒಮ್ಮೆ ಪರದೆ ನೋಡಿಯೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದವಳು ಅವತ್ತು ನೋಡದೆ ಹೋದಳು.

ಹತ್ತು ಗಂಟೆಗೆ ಮೂರನೇ ಮಹಡಿಯಲ್ಲಿ ಗದ್ದಲವೋ ಗದ್ದಲ. ಮಗುವಿನ ಬಲಗಡೆ ಶ್ವಾಸಕೋಶದಲ್ಲಿ ಗುಂಡನೆ ಕಪ್ಪು ಗುಳ್ಳೆ. ಅತಿಥಿಗಳ ಎದುರಿಗೇ ಪರದೆಯ ಮೇಲೆ ಮೂಡಿದ್ದರಿಂದ ರಿಬ್ಬನ್ ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಳಿ ಒಂದೇ ಕಡೆ ಸಿಕ್ಕಿಕೊಂಡು ಊದಿದ ಗುಳ್ಳೆ ಎಂದರು, ಒಡೆದರೆ ಜೀವಕ್ಕೇ ಅಪಾಯ ಎಂದರು, ಹತ್ತು ವರ್ಷಕ್ಕೊಂದು ಸಿಗುವಂಥದ್ದು ಎಂದರು, ಬೇರೆ ವಿಭಾಗದವರನ್ನೂ ಕರೆಸಿ ತೋರಿಸಿದರು. ಒಬ್ಬರಾದರೂ ಪೆಟ್ಟಿಗೆಯ ಹತ್ತಿರ ಹೋಗಿ, ಎದೆಯಲ್ಲಿ ಅಷ್ಟು ದೊಡ್ಡ ಗುಳ್ಳೆ ಇಟ್ಟುಕೊಂಡ ಮಗು ನಿನ್ನೆಗಿಂತ ಸಲೀಸಾಗಿ ಹೇಗೆ ಉಸಿರಾಡುತ್ತಿದೆ ಎಂದು ನೋಡಲಿಲ್ಲ. ಪರದೆ ಇರುವಾಗ ಮಗುವನ್ನು ಯಾರು ನೋಡುತ್ತಾರೆ. ಐದು ಗಂಟೆ ದಾರಿಯ ದೊಡ್ಡ ಆಸ್ಪತ್ರೆಗೆ, ಆಪರೇಷನ್ ಮಾಡುವವರಿಗೆ ಫೋನು ಹೋಯಿತು. ಮೂರು ಗಂಟೆಗೆ ಆಂಬುಲೆನ್ಸ್ ಎಂದು ನಿಶ್ಚಯವಾಯಿತು. ಬಾಟಲಿಗಳಿಗೆ ಲೇಬಲ್ ಅಂಟಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮಗುವಿನ ತಾಯಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ವರಾಂಡದ ಬೆಂಚಿನ ಮೇಲೆ ಕೂತಳು.

ಡಾರ್ಕ್‌ರೂಮ್ ಅಕ್ಕನ ಗಂಡ ಹೊಲಿಗೆ ಯಂತ್ರ ರಿಪೇರಿಯವನು. ಅಂಗಡಿ ಎರಡು ರಸ್ತೆ ಆಚೆ. ದಿನಾ ಒಂದು ಗಂಟೆಗೆ ಊಟದ ಡಬ್ಬಿ ತಂದು, ಎಕ್ಸ್‌ರೇ ಕೋಣೆಯ ಹಿಂದಿನ ಬೆಂಚಿನಲ್ಲಿ ಹೆಂಡತಿಯ ಜೊತೆ ಉಣ್ಣುತ್ತಿದ್ದ. ಉಣ್ಣುವುದು ಅವನ ಕೆಲಸ, ಬೈಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷದ ಈ ಊಟಗಳಲ್ಲಿ ಆ ಬೆಂಚು ಬಿಟ್ಟು ಆಸ್ಪತ್ರೆಯಲ್ಲಿ ಬೇರೇನೂ ನೋಡದ ಆ ಮನುಷ್ಯನಿಗೆ ಪ್ಲೇಟು, ಏಪ್ರನ್ನು, ಅರೆ ಉಸಿರು, ಪೂರ್ತಿ ಉಸಿರು ಎಲ್ಲ ಕಂಠಪಾಠವಾಗಿತ್ತು.

"ನೋಡ್ರೀ ಇವರ ಹಣೇಬರಹ," ಅವತ್ತು ಅವಳು ಶುರುಮಾಡಿದಳು. "ಹಲ್ಲು ಬಂದಿಲ್ಲದ ಹುಡುಗಿ ನನಗೆ ಕಿಂಡಿ ನೋಡು ಅಂತಾಳೆ. ನನಗೆ. ಮುಖಕ್ಕೆ ಹೊಡೆದ ಹಾಗೆ ಹೇಳಿ ಆಚೆ ಕಳಿಸ್ದೆ."

ಗಂಡ ತಲೆಯಾಡಿಸಿದ.

"ಆ ರಿಬ್ಬನ್‌ಗೆ ಇವತ್ತು ಗುಳ್ಳೆ ಸಿಕ್ಕಿದೆಯಂತೆ. ಗುಂಡಗೆ, ಕಪ್ಪಗೆ. ಸಿಕ್ಕಸಿಕ್ಕವರನ್ನೆಲ್ಲ ಕರೆದು ತೋರಿಸ್ತಿದಾನೆ, ಮೆರವಣಿಗೆ ಒಂದು ಬಾಕಿ. ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬರುತ್ತೋ ಗುಳ್ಳೆ."

"ಯಾವ ಮಗುಗೆ?" ಗಂಡ ಕೇಳಿದ.

"ಎಂಟನೇ ಪೆಟ್ಟಿಗೇದು."

"ಆ ಹುಡುಗಿ ಕಿಂಡಿ ನೋಡು ಅಂದಿದ್ದು?"

"ಅದೂ ಎಂಟನೇ ಪೆಟ್ಟಿಗೇನೇ."

ಅವನು ತುತ್ತು ಕಲಸುತ್ತಿದ್ದವನು ನಿಲ್ಲಿಸಿದ. "ನೀನು ನೋಡಿದ್ದೆ ತಾನೇ?"

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಕೈ ತೊಳೆಯದೆ ಎದ್ದು ಹೋಗಿ, ಎಡಗೈಯಲ್ಲಿ ಕಂಪ್ಯೂಟರ್ ಒತ್ತಿ ಚಿತ್ರ ತೆಗೆದಳು. ಕೈವಾರ ಇಟ್ಟು ಎಳೆದ ಹಾಗೆ ಗುಂಡಗಿತ್ತು. ಮೈಯೊಳಗೆ ಯಾವುದೂ ಅಷ್ಟು ಗುಂಡಗೆ ಬೆಳೆಯುವುದಿಲ್ಲ. ಅದರ ಒಂದು ಅಂಚು ಪಕ್ಕೆಲುಬುಗಳನ್ನು ದಾಟಿ ತೋಳಿನ ಕಡೆಗೆ ಚಾಚಿಕೊಂಡಿತ್ತು. ಶ್ವಾಸಕೋಶದ ಗುಳ್ಳೆ ಎದೆಗೂಡಿನಾಚೆ ಹೋಗಲು ಹೇಗೆ ಸಾಧ್ಯ ಎಂದು ಅಷ್ಟೂ ಜನ ಪಂಡಿತರಲ್ಲಿ ಒಬ್ಬನೂ ಕೇಳಿರಲಿಲ್ಲ. ಕಣ್ಣಿಲ್ಲದವರು, ಎಂದುಕೊಂಡಳು. ಮರುಕ್ಷಣವೇ ಆ ಮಾತು ತಿರುಗಿ ಅವಳಿಗೇ ಬಂದು ತಗುಲಿತು. ಆ ಕಿಂಡಿಯನ್ನು ಅಲ್ಲಿ ಇಟ್ಟವಳು ಅವಳೇ.

ಸುಮ್ಮನಿದ್ದುಬಿಡುವ ಯೋಚನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬಂತು, ಚೆನ್ನಾಗಿಯೇ ಬಂತು. ಆ ದೊಡ್ಡ ಆಸ್ಪತ್ರೆಯವರು ಹೇಗೂ ಕೊಯ್ಯುವ ಮುಂಚೆ ಹೊಸ ಚಿತ್ರ ತೆಗೆಯುತ್ತಾರೆ. ಗುಳ್ಳೆಯೂ ಇಲ್ಲ, ಗಿಳ್ಳೆಯೂ ಇಲ್ಲ ಎಂದು ಫೋನು ಮಾಡುತ್ತಾರೆ. ರಿಬ್ಬನ್ನಿನ ಮುಖಕ್ಕೆ ಮಸಿ ಬಳಿದ ಹಾಗಾಗುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಸುಖ ಅವಳಿಗೆ ಸಿಕ್ಕಿರಲಿಲ್ಲ. ಅದನ್ನು ನಾಲಿಗೆಯ ಮೇಲಿಟ್ಟು ಸವಿಯುತ್ತಲೇ ಲಿಫ್ಟು ಹತ್ತಿದಳು.

ವರಾಂಡದಲ್ಲಿ ಮಗುವಿನ ತಾಯಿ ಅವಳನ್ನು ಕಂಡು ಎದ್ದು ನಿಂತಳು. ಕೈಯಲ್ಲಿ ಕಾಲುಚೀಲದ ತುದಿ ಕತ್ತರಿಸಿ ಹೊಲಿದ ಟೋಪಿ, ಕಿತ್ತಳೆಹಣ್ಣಿನಷ್ಟು ತಲೆಗೆ ಆಗುವಷ್ಟಿತ್ತು.

"ಅಕ್ಕಾ, ನೀವೇ ಅಲ್ವಾ ಫೋಟೋ ತೆಗೆಯೋರು," ಎಂದಳು. "ಐದು ಗಂಟೆ ಗಾಡೀಲಿ ಹೋಗ್ಬೇಕಂತೆ. ದಾರೀಲಿ ಕುಲುಕಿದ್ರೆ ಅದಕ್ಕೆ ಏನೂ ಆಗಲ್ವಾ?"

ಡಾರ್ಕ್‌ರೂಮ್ ಅಕ್ಕನಿಗೆ ಉತ್ತರ ಗೊತ್ತಿತ್ತು. ಅಷ್ಟೇ ತೂಕದ ಮೂರು ಮಕ್ಕಳು ಅದೇ ದಾರಿಯಲ್ಲಿ ಹೋದದ್ದನ್ನು ಅವಳು ನೋಡಿದ್ದಳು. ತಿರುಗಿ ಬಂದದ್ದು ಒಂದು. ಆ ಮೂರಕ್ಕಾದರೂ ಹೋಗಲೇಬೇಕಾದ ಕಾಯಿಲೆ ಇತ್ತು. "ಕೂತ್ಕೊಳ್ಳಮ್ಮ," ಎಂದಷ್ಟೇ ಹೇಳಿ ಒಳಗೆ ಹೋದಳು. ಸವಿಯುತ್ತಿದ್ದದ್ದೆಲ್ಲ ಕಹಿಯಾಗಿತ್ತು.

ಒಳಗೆ ರಿಬ್ಬನ್ ಡಾಕ್ಟರು ಇಬ್ಬರು ಕಿರಿಯ ಡಾಕ್ಟರುಗಳಿಗೆ ಗುಳ್ಳೆಯ ಬಗ್ಗೆ ಹೇಳುತ್ತಿದ್ದರು. ಮುಂದಿನ ಸಮ್ಮೇಳನದಲ್ಲಿ ಇದನ್ನೇ ಇಡೋಣ ಎನ್ನುವ ಮಾತು ಅವಳ ಕಿವಿಗೆ ಬಿತ್ತು. ಹೊಸ ಸಿಸ್ಟರ್ ಎಂಟನೇ ಪೆಟ್ಟಿಗೆಯ ಪಕ್ಕ ಪ್ರಯಾಣದ ಸಾಮಾನು ಜೋಡಿಸುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಸಾರ್, ಹೊರಡೋಕೆ ಮುಂಚೆ ಇನ್ನೊಂದು ಚಿತ್ರ ತೆಗೆಯೋಣ," ಎಂದಳು ಅಕ್ಕ. ಕಾರಣ ಹೇಳದೆ ದಾಟಿಹೋಗುವ ದಾರಿ ಇದ್ದರೆ ದಾಟಿಯೇ ಹೋಗೋಣವೆಂದು ಅವಳ ಮನಸ್ಸಿನಲ್ಲಿತ್ತು.

"ಯಾಕೆ?"

"ಇರಲಿ ಅಂತ."

ಡಾಕ್ಟರು ನಕ್ಕರು. "ಏನಮ್ಮ, ಇರಲಿ ಅಂತ ಒಂದು ಕೆ.ಜಿ. ಇಲ್ಲದ ಮಗುಗೆ ಇನ್ನೊಂದು ಸಲ ಎಕ್ಸ್‌ರೇ ಕೊಡೋದಾ? ಗುಂಡಿ ಒತ್ತೋದು ನಿಮ್ಮ ಕೆಲಸ, ಓದೋದು ನಮ್ಮ ಕೆಲಸ. ಹಾಗೇ ಇರಲಿ." ಕಿರಿಯರಿಬ್ಬರೂ ನಗಬೇಕಾದ ಕಡೆ ನಕ್ಕರು.

ಬೇರೆ ದಿನವಾಗಿದ್ದರೆ ಈ ಮಾತಿಗೆ ಆತನ ಮೂರು ತಲೆಮಾರು ಜಾಲಾಡಿಬಿಡುತ್ತಿದ್ದಳು. ಇವತ್ತು ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ಇಡೀ ಆಸ್ಪತ್ರೆಯನ್ನು ಕಾಲ ಕಸ ಮಾಡಿದ್ದವಳಿಗೆ ಮೂರೇ ಮೂರು ಮಾತು ಆಡಲು ಬೆವರಿಳಿಯಿತು. ಅದೂ ಎಂಥವರ ಮುಂದೆ.

"ಅದು ಗುಳ್ಳೆ ಅಲ್ಲ ಸಾರ್, ಮುಚ್ಚಳದ ಕಿಂಡಿ," ಎಂದಳು. "ನಾನು ಮಗುನ ಸರಿಸದೆ ತೆಗೆದೆ. ತಪ್ಪು ನಂದು."

ಹೊಸ ಸಿಸ್ಟರ್ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನಿಂತಳು. ಡಾಕ್ಟರು ಪರದೆ ನೋಡಿದರು, ಮುಚ್ಚಳ ನೋಡಿದರು, ಮತ್ತೆ ಪರದೆ ನೋಡಿದರು. ಅಕ್ಕ ಬೆರಳು ಚಾಚಿ ಪಕ್ಕೆಲುಬು ದಾಟಿದ ಅಂಚನ್ನು ತೋರಿಸಿದಳು. ಕಿರಿಯರಲ್ಲೊಬ್ಬ ಹೌದಲ್ವಾ ಎಂದು ಬಾಯಿತಪ್ಪಿ ಹೇಳಿ, ಡಾಕ್ಟರ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಎರಡೂವರೆಗೆ ಮತ್ತೆ ಚಿತ್ರ ತೆಗೆದರು. ಪ್ಲೇಟು ಅವಳ ಹೊಟ್ಟೆಯ ಬಿಸಿ ಹೀರಿಕೊಂಡು ಬಂದಿತ್ತು. ಹಾಸಿಗೆಯನ್ನು ನಾಲ್ಕು ಬೆರಳು ಸರಿಸಿದವಳು ಹೊಸ ಸಿಸ್ಟರ್. ಅವಳು ಸರಿಸಿ ಮುಗಿಸುವವರೆಗೆ ಅಕ್ಕ ಕಾದು ನಿಂತಳು. ಬಂದ ಚಿತ್ರದಲ್ಲಿ ಎರಡೂ ಶ್ವಾಸಕೋಶ ಒಂದೇ ಸಮನೆ ಕಪ್ಪಗಿದ್ದವು, ನಿನ್ನೆಗಿಂತ ಒಂದು ಪಟ್ಟು ಚೆನ್ನಾಗಿ. ಗುಳ್ಳೆಯ ಗುರುತೇ ಇರಲಿಲ್ಲ.

"ನನಗೆ ಮೊದಲೇ ಅನುಮಾನ ಇತ್ತು," ಎಂದರು ರಿಬ್ಬನ್ ಡಾಕ್ಟರು. ಆ ಮಾತು ಕೇಳಿ ಗೋಡೆಗೂ ನಗು ಬರಬೇಕಿತ್ತು. ಆಂಬುಲೆನ್ಸ್ ಬೇಡವೆಂದು ಹೇಳಿಸಿ, ತಾಯಿಯನ್ನು ಕರೆದು ಔಷಧಿಗೇ ಗುಳ್ಳೆ ಕರಗಿತೆಂದು ಹೇಳಿದರು. ಆಕೆ ಆತನ ಕಾಲಿಗೆ ಬಿದ್ದಳು. ಆತ ಬೀಳಿಸಿಕೊಂಡ.

ನಾಲ್ಕು ಗಂಟೆಗೆ ಡಾಕ್ಟರು ಅಕ್ಕನನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಬಿಳಿ ಹಾಳೆ. "ಒಂದು ವಿವರಣೆ ಬೇಕಾಗುತ್ತೆ. ಪ್ಲೇಟಿನ ದೋಷ ಅಂತ ಬರೆದುಬಿಡಿ. ನಿಮಗೂ ತೊಂದರೆ ಇಲ್ಲ, ನನಗೂ ಇಲ್ಲ," ಎಂದರು. ಇಷ್ಟು ಮೆತ್ತಗೆ ಆತ ಅವಳ ಜೊತೆ ಎಂದೂ ಮಾತಾಡಿರಲಿಲ್ಲ.

ಅವಳು ಪೆನ್ನು ತೆಗೆದುಕೊಂಡು ಬರೆದಳು: ಪ್ಲೇಟು ಸರಿಯಾಗಿತ್ತು. ಯಂತ್ರ ಸರಿಯಾಗಿತ್ತು. ಕಿಂಡಿ ಎದೆಯ ಮೇಲಿದೆ ಎಂದು ವಾರ್ಡಿನ ಹೊಸ ಸಿಸ್ಟರ್ ನನಗೆ ಹೇಳಿದರು. ಆ ಪಾಠ ಅವರಿಗೆ ಹೇಳಿಕೊಟ್ಟವಳು ನಾನೇ. ಅವರು ಹೇಳಿದ್ದು ಕೇಳಿಸಿತು. ಹೇಳಿದವರು ಅವರು ಅನ್ನುವ ಕಾರಣಕ್ಕೆ ನಾನು ನೋಡಲಿಲ್ಲ.

ಡಾಕ್ಟರು ಓದಿದರು. ಮುಖ ಕೆಂಪಾಯಿತು. "ಇಷ್ಟೆಲ್ಲ ಬೇಕಿತ್ತಾ?"

"ಬೇಕಿತ್ತು ಸಾರ್. ಓದೋದು ನಿಮ್ಮ ಕೆಲಸ ಅಂದ್ರಲ್ಲ," ಎಂದು ಎದ್ದು ಬಂದಳು. ಒಂದೇ ದಿನದಲ್ಲಿ ನಾಲಿಗೆ ಪೂರ್ತಿ ನೆಟ್ಟಗಾಗಲು ಅವಳೇನು ದೇವತೆಯಲ್ಲ.

ಮರುದಿನವೇ ಆದೇಶ ಬಂತು. ಡಾರ್ಕ್‌ರೂಮ್ ಅಕ್ಕ ಇನ್ನು ಮೇಲೆ ಮೂರನೇ ಮಹಡಿಗೆ ಹೋಗುವಂತಿಲ್ಲ, ಕೆಳಗಡೆ ಮೂಳೆ ಮುರಿದವರನ್ನು ನೋಡಿಕೊಳ್ಳುವುದು. ಅಲ್ಲಿ ಬರುವವರೆಲ್ಲ ಐವತ್ತು, ಎಪ್ಪತ್ತು, ತೊಂಬತ್ತು ಕೆ.ಜಿ.ಯ ದಂಡಪಿಂಡಗಳು. ಕೈ ಎತ್ತಿ ಎಂದರೆ ಕಾಲು ಎತ್ತುತ್ತಾರೆ, ಉಸಿರು ಹಿಡೀರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರನ್ನು ಬೈದು ಬೈದು ಅವಳ ಗಂಟಲು ಕಟ್ಟಿತು. ಮಧ್ಯಾಹ್ನ ಬೆಂಚಿನ ಮೇಲೆ ಮಾತ್ರ ಸುಮ್ಮನೆ ಉಣ್ಣುತ್ತಿದ್ದಳು. ಎರಡನೇ ದಿನಕ್ಕೇ ಗಂಡನಿಗೆ ಗಾಬರಿಯಾಗಿ, ಯಾರನ್ನಾದರೂ ಬೈಯೇ, ಊಟ ಇಳೀತಿಲ್ಲ ಎಂದ. ಮೆತ್ತನೆ ಬಟ್ಟೆಯನ್ನು ಒಗೆದು ಮಡಿಸಿ, ತನ್ನ ಜಾಗಕ್ಕೆ ಮೇಲೆ ಹೋದವನ ಕೈಗೆ ಕೊಟ್ಟಿದ್ದಳು. ಯಾಕೆಂದು ಅವನು ಕೇಳಿದ್ದ. ಹೊಟ್ಟೆಗೆ ಒತ್ತಿ ಹಿಡ್ಕೊಳ್ಳೋ ಮಾರಾಯ, ಹೊಟ್ಟೆ ಇದೆಯಲ್ಲ ಅಷ್ಟು ದೊಡ್ಡದು, ಅಂದಿದ್ದಳು.

ಮೂರು ವಾರವಾದ ಮೇಲೆ ಹೊಸ ಸಿಸ್ಟರ್ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಅದೇ ಪುಟ್ಟ ಪುಸ್ತಕ. ಒಳಗೆ ಒಬ್ಬ ದಢೂತಿ ಮನುಷ್ಯ ಮೊಣಕೈ ಹಿಡಿದುಕೊಂಡು ನರಳುತ್ತಿದ್ದ.

"ಅಕ್ಕಾ, ಎಂಟನೇ ಪೆಟ್ಟಿಗೆ ಮಗು ಇವತ್ತು ಒಂದೂಕಾಲು ಕೆ.ಜಿ. ಆಯ್ತು. ನಳಿಗೆ ತೆಗೆದ್ರು. ತಾನೇ ಉಸಿರಾಡ್ತಿದೆ."

ಡಾರ್ಕ್‌ರೂಮ್ ಅಕ್ಕ ಪ್ಲೇಟು ಒರೆಸುವುದನ್ನು ನಿಲ್ಲಿಸಲಿಲ್ಲ. "ಒಂದು ದಾಟ್ತಾ? ಹಾಗಾದ್ರೆ ಅದೂ ಕೆಟ್ಟುಹೋಯ್ತು ಬಿಡು," ಎಂದಳು. ಒರೆಸಿದ ಜಾಗವನ್ನೇ ಮತ್ತೆ ನಾಲ್ಕು ಸಲ ಒರೆಸಿದಳು. ಆಮೇಲೆ ತಲೆಯೆತ್ತದೆ, "ಬೆಳಗ್ಗೆ ಮೇಲೆ ಚಿತ್ರ ತೆಗೆದಾಗ ಕಿಂಡಿ ನೋಡಿದ್ಯಾ?" ಎಂದು ಕೇಳಿದಳು.

"ನೋಡಿದೆ ಅಕ್ಕಾ. ಅವರು ಸರಿಸಿರ್ಲಿಲ್ಲ. ಹೇಳಿದೆ, ಬೈದ್ರು. ಆದ್ರೂ ಸರಿಸೋವರೆಗೆ ಬಾಗಿಲಾಚೆ ಹೋಗ್ಲಿಲ್ಲ."

"ಕೂತ್ಕೋ," ಎಂದಳು ಅಕ್ಕ. ಆ ಕೋಣೆಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಅವಳದು. ಆಸ್ಪತ್ರೆಗೆ ಬಂದು ಆರು ತಿಂಗಳ ಮೇಲೆ ಮೂರು ವಾರವಾಗಿದ್ದ ಆ ಹುಡುಗಿ ಅದರ ಮೇಲೆ ಕೂತಳು. ಮೊಣಕೈಯವನು ಇನ್ನೆಷ್ಟು ಹೊತ್ತು ಎಂದು ಗೊಣಗಿದ. ಸ್ವಲ್ಪ ಹೊತ್ತು ಕಾಯ್ರಿ ಎಂದು ಅಕ್ಕ ಅವನಿಗೆ ಬೆನ್ನು ತಿರುಗಿಸಿ ನಿಂತು, ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.